ಒಂದು ಮುದ್ರೆ, ಹಲವು ಬಾಗಿಲು

ಅಶೋಕವನದಲ್ಲಿ ಹನುಮಂತನನ್ನು ಕಂಡ ಸೀತೆ ಮೊದಲು ಶಂಕಿಸಿದಳು. ರಾವಣನೇ ವೇಷ ಮರೆಸಿಕೊಂಡು ಬಂದಿರಬಹುದೆಂಬ ಭಯ ಅವಳದು. ರಾಮನ ಉಂಗುರವನ್ನು ಕಂಡಮೇಲೆ ಆ ಶಂಕೆ ಕರಗಿತು. ಹಿಂದೆಂದೂ ಕಾಣದ ದೂತನನ್ನು ಅವಳು ನಂಬಲು, ತಾನು ನಂಬಿದ್ದವನ ಗುರುತು ಅವನ ಕೈಯಲ್ಲಿದ್ದುದೇ ಆಧಾರವಾಯಿತು.

ಎದುರಿಗೆ ಬಂದವನು ಯಾರೆಂದು ತಿಳಿಯುವ ಸಮಸ್ಯೆ ಗಣಕಯಂತ್ರಗಳ ಲೋಕದಲ್ಲಿಯೂ ಉಂಟು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ಅನೇಕರು ಒಂದೇ ಗಣಕವನ್ನು ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಂತೆ ಫರ್ನಾಂಡೊ ಕಾರ್ಬಟೊ ಮತ್ತು ಅವರ ಸಂಗಡಿಗರು ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದವನ್ನು, ಅಂದರೆ ಪಾಸ್‌ವರ್ಡನ್ನು ಗೊತ್ತುಮಾಡಿದರು. ಆದರೆ 1962ರಲ್ಲಿ ಅಲ್ಲಿಯ ಸಂಶೋಧಕರೊಬ್ಬರು, ತಮಗೆ ನಿಗದಿಯಾಗಿದ್ದ ಗಣಕಕಾಲ ಸಾಲದೆ, ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡರು! ಗುಟ್ಟನ್ನು ಕೂಡಿಟ್ಟ ಸ್ಥಳವೇ ಕಳವಿಗೆ ಗುರಿಯಾಗುವುದೆಂಬ ಪಾಠ ಅಂದೇ ದೊರೆಯಿತು.

ಸೇವೆಗಳು ಹೆಚ್ಚಿದಂತೆ ಗುಪ್ತಪದಗಳೂ ಹೆಚ್ಚಿದವು. ಇಪ್ಪತ್ತು ಬಾಗಿಲುಗಳಿಗೆ ಇಪ್ಪತ್ತು ಗುಪ್ತಪದಗಳನ್ನು ನೆನಪಿಡಲಾರದ ಮನುಷ್ಯನು ಎಲ್ಲಕ್ಕೂ ಒಂದನ್ನೇ ಬಳಸುತ್ತಾನೆ. ಒಂದೆಡೆ ಅದು ಬಯಲಾದರೆ ಎಲ್ಲ ಬಾಗಿಲುಗಳೂ ತೆರೆದಂತೆಯೇ. ಇದಕ್ಕೆ ಪರಿಹಾರವೊಂದು ಅದೇ ಸಂಸ್ಥೆಯಲ್ಲಿ 1983ರಲ್ಲಿ ಆರಂಭವಾದ ಅಥೀನಾ ಯೋಜನೆಯಲ್ಲಿ ರೂಪುಗೊಂಡಿತು. ನೀಡ್‌ಹ್ಯಾಮ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ್ದ ವಿಧಾನವೇ ಅದಕ್ಕೆ ತಳಹದಿ. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರಿನಿಂದ ಅದನ್ನು ಕರ್ಬರಾಸ್ ಎಂದು ಕರೆದರು. ಬಳಕೆದಾರನು ಒಮ್ಮೆ ಈ ಕಾವಲುಗಾರನಿಗೆ ತನ್ನ ಗುರುತನ್ನು ಸಾಬೀತುಪಡಿಸಿದರೆ ಸಾಕು. ಆಮೇಲೆ ಅಂಚೆ, ಕಡತ, ಮುದ್ರಣ ಮೊದಲಾದ ಸೇವೆಗಳ ಮುಂದೆ ಅವನು ಒಡ್ಡುವುದು ಗುಪ್ತಪದವನ್ನಲ್ಲ, ಕೆಲವು ಗಂಟೆಗಳ ಕಾಲ ಮಾತ್ರ ಸಲ್ಲುವ ಟಿಕೆಟನ್ನು.

ಇದೇ ತತ್ತ್ವವು ಮುಂದೆ ಅಂತರ್ಜಾಲಕ್ಕೂ ವಿಸ್ತರಿಸಿತು. 2005ರಲ್ಲಿ ಎಸ್‌ಎಎಂಎಲ್ ಎಂಬ ನಿಯಮಾವಳಿಯ ಎರಡನೆಯ ಆವೃತ್ತಿಯೂ 2014ರಲ್ಲಿ ಓಪನ್‌ಐಡಿ ಕನೆಕ್ಟ್ ಎಂಬುದೂ ಬಂದವು. ಒಮ್ಮೆ ಗುರುತು ತೋರಿ ಹಲವು ಸೇವೆಗಳನ್ನು ಪ್ರವೇಶಿಸುವ ಈ ಏರ್ಪಾಟಿಗೆ ಸಿಂಗಲ್ ಸೈನ್-ಆನ್ ಎಂದೂ, ಗುರುತಿಗೆ ಸಾಕ್ಷಿ ನುಡಿಯುವ ಕೇಂದ್ರಕ್ಕೆ ಐಡೆಂಟಿಟಿ ಪ್ರೊವೈಡರ್ ಎಂದೂ ಹೆಸರು.

ಇದು ನಡೆಯುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಯಂತ್ರಗಳ ಸ್ಥಿತಿಗತಿಯನ್ನು ನಕ್ಷೆಗಳ ಮೂಲಕ ಒಂದೇ ನೋಟಕ್ಕೆ ಒದಗಿಸುವ ಜಾಲಪುಟವನ್ನು ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಗ್ರಫಾನಾ ಎಂಬುದು ಅಂಥ ಪುಟಗಳನ್ನು ಕಟ್ಟುವ ಒಂದು ತಂತ್ರಾಂಶ. ಕೀಕ್ಲೋಕ್ ಎಂಬುದು ಸಾಕ್ಷಿಕೇಂದ್ರವಾಗಿ ಕೆಲಸ ಮಾಡುವ ಇನ್ನೊಂದು. ಮೊದಲು ಇವೆರಡಕ್ಕೂ ಪರಸ್ಪರ ಪರಿಚಯ ಮಾಡಿಸಬೇಕು. ಕೇಂದ್ರದಲ್ಲಿ ಡ್ಯಾಶ್‌ಬೋರ್ಡಿನ ಹೆಸರನ್ನೂ ಮರಳಿ ಕಳುಹಿಸಬೇಕಾದ ವಿಳಾಸವನ್ನೂ ನೋಂದಾಯಿಸುತ್ತಾರೆ. ಕೇಂದ್ರವು ಕೊಟ್ಟ ಗುಪ್ತಸಂಕೇತವನ್ನೂ ಕೇಂದ್ರದ ವಿಳಾಸಗಳನ್ನೂ ಡ್ಯಾಶ್‌ಬೋರ್ಡಿನಲ್ಲಿ ಬರೆದಿಡುತ್ತಾರೆ. ಮರಳುವ ವಿಳಾಸವು ಅಕ್ಷರಶಃ ಸರಿಯಾಗಿರಬೇಕು. ಯಾವ ವಿಳಾಸವಾದರೂ ಸರಿಯೆಂದು ಬಿಟ್ಟರೆ ಸಾಕ್ಷಿಯು ಕಳ್ಳನ ಮನೆಗೆ ಹೋದೀತು.

ಈಗ ನೌಕರನೊಬ್ಬನು ಡ್ಯಾಶ್‌ಬೋರ್ಡಿನ ಬಾಗಿಲು ತಟ್ಟಿದನೆನ್ನಿ. ಅದು ಅವನ ಗುಪ್ತಪದವನ್ನು ಕೇಳದೆ ಕೇಂದ್ರದತ್ತ ಕಳುಹಿಸುತ್ತದೆ. ಅಲ್ಲಿ ಅವನು ಗುಪ್ತಪದವನ್ನೂ, ಬೇಕಾದರೆ ಮೊಬೈಲಿಗೆ ಬಂದ ಸಂಖ್ಯೆಯಂಥ ಎರಡನೆಯ ಪುರಾವೆಯನ್ನೂ ಕೊಡುತ್ತಾನೆ. ಕೇಂದ್ರವು ಒಮ್ಮೆ ಮಾತ್ರ ಸಲ್ಲುವ ಒಂದು ಸಂಕೇತದೊಡನೆ ಅವನನ್ನು ಹಿಂದಿರುಗಿಸುತ್ತದೆ. ಡ್ಯಾಶ್‌ಬೋರ್ಡು ಆ ಸಂಕೇತವನ್ನು ತನ್ನ ಗುಪ್ತಸಂಕೇತದೊಡನೆ ನೇರವಾಗಿ ಕೇಂದ್ರಕ್ಕೆ ಒಪ್ಪಿಸಿ, ಕೇಂದ್ರದ ಸಹಿಯುಳ್ಳ ಸಾಕ್ಷಿಪತ್ರವನ್ನು ಪಡೆಯುತ್ತದೆ. ಸಹಿ ನಿಜವಾದುದೆ? ಪತ್ರವನ್ನು ಬರೆದುದು ತನಗೇ ಅಲ್ಲವೆ? ಅದರ ಅವಧಿ ಮುಗಿದಿಲ್ಲವಷ್ಟೆ? ಈ ಮೂರನ್ನೂ ಪರೀಕ್ಷಿಸಿದ ಮೇಲೆಯೇ ಬಾಗಿಲು ತೆರೆಯಬೇಕು. ಅವಧಿಯ ಲೆಕ್ಕ ತಪ್ಪದಿರಲು ಎರಡೂ ಯಂತ್ರಗಳ ಗಡಿಯಾರಗಳು ಹೊಂದಿಕೊಂಡಿರುವುದು ಅಗತ್ಯ.

ಒಬ್ಬನು ಯಾರೆಂಬುದು ಒಂದು ಪ್ರಶ್ನೆ. ಅವನಿಗೆ ಏನು ಮಾಡುವ ಅಧಿಕಾರವಿದೆಯೆಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ದೊರೆತೊಡನೆ ಎರಡನೆಯದೂ ಬಗೆಹರಿಯಿತೆಂದು ತಿಳಿಯಬಾರದು. ಬಂದವರೆಲ್ಲರಿಗೂ ಆಡಳಿತಗಾರನ ಅಧಿಕಾರ ಕೊಡುವುದು ಅಪಾಯ. ಕೇವಲ ನೋಡುವವರು, ತಿದ್ದುವವರು, ಆಡಳಿತ ನಡೆಸುವವರು ಎಂದು ವಿಂಗಡಿಸಿ, ಕೆಲಸಕ್ಕೆ ಬೇಕಾದಷ್ಟನ್ನೇ ಕೊಡಬೇಕು.

ಈ ಏರ್ಪಾಟಿನ ಬಲವೇ ಅದರ ದೌರ್ಬಲ್ಯವೂ ಹೌದು. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರಿತು. ಆ ಮುದ್ರೆಯೊತ್ತಿದ ಕಪಟಪತ್ರವನ್ನು ನಂಬಿ ಮಲಯಕೇತು ತನ್ನ ಹಿತೈಷಿಯಾದ ರಾಕ್ಷಸನನ್ನೇ ದ್ರೋಹಿಯೆಂದು ಬಗೆದನು. ನಮ್ಮ ಕಾಲದಲ್ಲಿಯೂ ಇಂಥದು ನಡೆದಿದೆ. 2020ರಲ್ಲಿ ಸೋಲಾರ್‌ವಿಂಡ್ಸ್ ತಂತ್ರಾಂಶದ ಮೂಲಕ ಅಮೆರಿಕದ ಸರ್ಕಾರಿ ಇಲಾಖೆಗಳಿಗೂ ಕಂಪೆನಿಗಳಿಗೂ ನುಸುಳಿದವರು, ಕೆಲವೆಡೆ ಸಹಿ ಹಾಕುವ ಗುಪ್ತಕೀಲಿಯನ್ನೇ ಅಪಹರಿಸಿ ಸಾಕ್ಷಿಪತ್ರಗಳನ್ನು ತಾವೇ ಸೃಷ್ಟಿಸಿಕೊಂಡರು. ಸಹಿ ನಿಜವಾಗಿತ್ತು, ಸಹಿ ಮಾಡಿದವನು ಸುಳ್ಳಾಗಿದ್ದನು.

ಹಾಗೆಂದು ಈ ವ್ಯವಸ್ಥೆಯನ್ನು ತೊರೆಯಬೇಕಾದುದಿಲ್ಲ. ಕೆಲಸ ಬಿಟ್ಟುಹೋದವನ ಹೆಸರನ್ನು ಒಂದೆಡೆ ಅಳಿಸಿದರೆ ಮುಂದೆ ಅವನಿಗೆ ಯಾವ ಬಾಗಿಲಲ್ಲಿಯೂ ಹೊಸ ಸಾಕ್ಷಿಪತ್ರ ಸಿಗದು. ಆಗಲೇ ಒಳಗಿದ್ದರೆ ಮಾತ್ರ ಅವಧಿ ಮುಗಿಯುವವರೆಗೆ ಉಳಿಯಬಲ್ಲನಾದ್ದರಿಂದ ಆ ಅವಧಿ ಕಿರಿದಾಗಿರಬೇಕು. ಕೇಂದ್ರವೇ ಕೆಟ್ಟುನಿಂತರೆ ಎಲ್ಲರೂ ಹೊರಗುಳಿಯುವರಾದ್ದರಿಂದ ತುರ್ತಿಗೆಂದು ಪ್ರತ್ಯೇಕ ಖಾತೆಯೊಂದನ್ನು ಜೋಪಾನವಾಗಿ ಕಾಯ್ದಿಡಬೇಕು. ಸಹಿಯ ಕೀಲಿಯನ್ನು ಕಾಲಕಾಲಕ್ಕೆ ಬದಲಿಸಬೇಕು. ಬಾಗಿಲು ಕಾಯುವ ಹೊಣೆಯನ್ನು ಒಬ್ಬನಿಗೆ ಒಪ್ಪಿಸಿದ ಮಾತ್ರಕ್ಕೆ ಉಳಿದವರು ನಿದ್ರಿಸುವಂತಿಲ್ಲ. ಆ ಒಬ್ಬನನ್ನು ಕಾಯುವ ಹೊಣೆ ಅವರೆಲ್ಲರದು.