ಮನೆಗೊಂದು ಕಾಫಿ ಬೀಸುವ ಯಂತ್ರ: ಬೇಕೆ? ಬೇಕಾದರೆ ಎಂತಹುದು?

ಮನೆಗೆ ಬಂದವರಿಗೆ ಮೊದಲು ನೀರು, ಅನಂತರ ಕಾಫಿ ಎಂಬುದು ಬೆಂಗಳೂರಿನ ನಮ್ಮ ಸಮಾಜದ ಮನೆಗಳಲ್ಲಿ ಬರೆಯದೆಯೇ ನಿಂತ ನಿಯಮವಾಗಿದೆ. ಮನೆಯ ಸಂಸ್ಕಾರವನ್ನು ಅತಿಥಿಯು ಅರಿಯುವುದು ಗೋಡೆಯ ಬಣ್ಣದಿಂದಲ್ಲ, ಕೈಗೆ ಬಂದ ಲೋಟದಿಂದ. ಆ ಲೋಟದೊಳಗಿನ ಕಾಫಿ ಹದವಾಗಿರಬೇಕೆಂದು ಗೃಹಿಣಿಯು ಬಯಸುವುದರಲ್ಲಿ ಆಡಂಬರವೇನೂ ಇಲ್ಲ. ಅದು ದಾಸೋಹಭಾವದ ಒಂದು ಸಣ್ಣ ಅಂಗವೇ ಸರಿ.

ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಕಡೆ ಶಿವಾನುಭವ ಗೋಷ್ಠಿಗಳಿಗೆಂದು ಹೋದಾಗ, ಗೋಷ್ಠಿ ಮುಗಿದ ಮೇಲಿನ ಮಾತುಕತೆಯಲ್ಲಿ ನಾವು ಇತ್ತೀಚೆಗೆ ಪದೇ ಪದೇ ಕೇಳುತ್ತಿರುವ ಚರ್ಚೆಯೊಂದಿದೆ. ಉದ್ಯೋಗಸ್ಥರಾದ ಮಗ ಸೊಸೆಯರು ‘ಬರ್ ಗ್ರೈಂಡರ್’ ಎಂಬ ಕಾಫಿ ಬೀಸುವ ಯಂತ್ರವನ್ನು ಕೊಳ್ಳಬೇಕೆನ್ನುತ್ತಾರೆ. ಅತ್ತೆಯವರು, ಮನೆಯಲ್ಲಿ ಮಿಕ್ಸಿ ಇರುವಾಗ ಇನ್ನೊಂದು ಯಂತ್ರವೇಕೆ ಎನ್ನುತ್ತಾರೆ. ಮಾವನವರು, ಮೂವತ್ತು ವರ್ಷದಿಂದ ಪುಡಿ ಕೊಡುತ್ತಿರುವ ಅಂಗಡಿಯವನನ್ನು ಬಿಡುವುದು ಹೇಗೆ ಎನ್ನುತ್ತಾರೆ. ಮೂವರ ಮಾತಿನಲ್ಲಿಯೂ ನ್ಯಾಯವಿದೆ. ಸಾವಿರಾರು ರೂಪಾಯಿಗಳ ವೆಚ್ಚವೂ ಹಿರಿಯರ ಮನಸ್ಸೂ ಇದರಲ್ಲಿ ಸೇರಿರುವುದರಿಂದ, ವಿಷಯವನ್ನು ಬುಡದಿಂದ ವಿಚಾರ ಮಾಡುವುದು ಒಳ್ಳೆಯದು.

ಕಾಫಿಯೂ ನಮ್ಮ ನಾಡೂ

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಅರಬ್ ನಾಡಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಎಲ್ಲರೂ ಬಲ್ಲ ಐತಿಹ್ಯ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು 70 ಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳನ್ನುಳ್ಳ ನಮ್ಮ ಕರ್ನಾಟಕದ್ದೇ. ಭದ್ರಾ ನದಿಯ ದಡದ ಬಾಳೆಹೊನ್ನೂರು ಎಂದೊಡನೆ ಭಕ್ತರಿಗೆ ಶ್ರೀ ರಂಭಾಪುರಿ ಪೀಠದ ಸ್ಮರಣೆಯಾಗುತ್ತದೆ. ಅದೇ ಬಾಳೆಹೊನ್ನೂರಿನಲ್ಲಿ 1925ರಲ್ಲಿ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ ಕಾಫಿ ಸಂಶೋಧನಾ ಕೇಂದ್ರವು ಆರಂಭವಾಯಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನಮ್ಮ ಮನೆಗಳಿಗೆ ಬರುವ ಅರೇಬಿಕಾ ಬೀಜಗಳಲ್ಲಿ ಬಹುಪ್ರಸಿದ್ಧವಾದ ‘ಎಸ್. 795’ ಎಂಬ ತಳಿ ಅಲ್ಲಿಯದು.

ದಂಡು ಪ್ರದೇಶಕ್ಕೂ ಕಾಫಿಗೂ ಹಳೆಯ ನಂಟು. 1942ರ ಕಾಫಿ ಕಾಯಿದೆಯ ಪ್ರಕಾರ ನಡೆಯುವ ಕಾಫಿ ಮಂಡಳಿಯ ಮುಖ್ಯ ಕಚೇರಿ ಡಾ. ಅಂಬೇಡ್ಕರ್ ವೀಧಿಯಲ್ಲಿದೆ. ಮಂಡಳಿಯ ಕಾಫಿ ಹೌಸುಗಳು ಮುಚ್ಚುವ ಸ್ಥಿತಿ ಬಂದಾಗ ನೌಕರರೇ ಕೂಡಿ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘವನ್ನು ಕಟ್ಟಿಕೊಂಡರು. ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಅವರ ಇಂಡಿಯಾ ಕಾಫಿ ಹೌಸು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಯಿತು. ಮೊದಲು ಬೆಳೆಗಾರರು ತಮ್ಮ ಕಾಫಿಯನ್ನೆಲ್ಲ ಮಂಡಳಿಗೇ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾದುದರಿಂದಲೇ ಇಂದು ತೋಟದವರು ತಮ್ಮ ಹೆಸರಿನಲ್ಲಿ ಹುರಿದ ಬೀಜವನ್ನು ನೇರವಾಗಿ ಮನೆಗಳಿಗೆ ಮಾರುವುದು ಸಾಧ್ಯವಾಗಿದೆ. ಬೀಜವೇ ಮನೆ ಬಾಗಿಲಿಗೆ ಬಂದಾಗ ಅದನ್ನು ಪುಡಿ ಮಾಡುವುದು ಹೇಗೆ ಎಂಬ ಪ್ರಶ್ನೆಯೂ ಹಿಂದೆಯೇ ಬಂದಿದೆ.

ಬೀಸುವುದು ಬೇರೆ, ಕತ್ತರಿಸುವುದು ಬೇರೆ

ಈ ಯಂತ್ರದ ತತ್ತ್ವವನ್ನು ತಿಳಿಯಲು ಪರದೇಶದ ಪುಸ್ತಕವೇನೂ ಬೇಡ; ನಮ್ಮ ಅಜ್ಜಿಯರ ಬೀಸುವ ಕಲ್ಲನ್ನು ನೆನೆದರೆ ಸಾಕು. ಕೆಳಗಿನ ಕಲ್ಲು ಸ್ಥಿರ, ಮೇಲಿನ ಕಲ್ಲು ಚರ. ಕಾಳು ಎರಡರ ನಡುವಿನ ಸಂದಿಗೆ ಇಳಿದು, ಆ ಸಂದಿ ಬಿಟ್ಟಷ್ಟೇ ಗಾತ್ರದ ಹಿಟ್ಟಾಗಿ ಅಂಚಿನಿಂದ ಹೊರಬೀಳುತ್ತದೆ. ಬರ್ ಗ್ರೈಂಡರಿನಲ್ಲಿ ಕಲ್ಲಿನ ಬದಲು ಹಲ್ಲುಗಳುಳ್ಳ ಎರಡು ಲೋಹದ ಅಥವಾ ಪಿಂಗಾಣಿಯ ಬಿಲ್ಲೆಗಳಿರುತ್ತವೆ. ಅವುಗಳ ನಡುವಿನ ಅಂತರವನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡಬಹುದು. ಅಂತರ ಒಂದೇ ಆದುದರಿಂದ ಪುಡಿಯೂ ಹೆಚ್ಚುಕಡಿಮೆ ಒಂದೇ ಸಮ.

ಮಿಕ್ಸಿಯ ರೀತಿ ಬೇರೆ. ಅಲ್ಲಿ ಅತಿವೇಗದಿಂದ ತಿರುಗುವ ಅಲಗು ಬೀಜವನ್ನು ಸಿಕ್ಕಸಿಕ್ಕಲ್ಲಿ ಹೊಡೆದು ತುಂಡರಿಸುತ್ತದೆ. ಪದೇ ಪದೇ ಅಲಗಿಗೆ ಸಿಕ್ಕ ಭಾಗ ಮೈದಾದಂತೆ ನುಣ್ಣಗಾದರೆ, ತಪ್ಪಿಸಿಕೊಂಡ ಭಾಗ ನುಚ್ಚಾಗಿಯೇ ಉಳಿಯುತ್ತದೆ. ನುಣ್ಣನೆಯ ಪುಡಿ ಬಿಸಿನೀರಿಗೆ ತನ್ನ ಸಾರವನ್ನೆಲ್ಲ ಬಿಟ್ಟು ಕಹಿಯಾಗುತ್ತದೆ. ನುಚ್ಚು ತನ್ನ ಸಾರವನ್ನು ಬಿಡದೆ ಚರಟದಲ್ಲಿಯೇ ಉಳಿಸಿಕೊಳ್ಳುತ್ತದೆ. ಹೀಗಾಗಿ ಒಂದೇ ಲೋಟದಲ್ಲಿ ಕಹಿಯೂ ನೀರುನೀರಾದ ರುಚಿಯೂ ಒಟ್ಟಿಗೆ ಸೇರುತ್ತವೆ. ಬೆಲೆಬಾಳುವ ಬೀಜವನ್ನು ತಂದು ಮಿಕ್ಸಿಗೆ ಹಾಕಿ ‘ಏನೂ ವಿಶೇಷವಿಲ್ಲ’ ಎನ್ನುವವರು ಬೀಜವನ್ನು ದೂರುವುದು ಸರಿಯಲ್ಲ.

ಇನ್ನೊಂದು ಕಾರಣ ಪರಿಮಳ. ಹುರಿದ ಇಡೀ ಬೀಜವು ಗಾಳಿಯಾಡದ ಡಬ್ಬದಲ್ಲಿ ಮೂರು ನಾಲ್ಕು ವಾರ ಚೆನ್ನಾಗಿರುತ್ತದೆ. ಪುಡಿಯಾದೊಡನೆ ಗಾಳಿ ಸೋಕುವ ಮೈ ಹಲವು ಪಟ್ಟು ಹೆಚ್ಚುವುದರಿಂದ ಪರಿಮಳವು ಕೆಲವೇ ದಿನಗಳಲ್ಲಿ ಹಾರಿಹೋಗುತ್ತದೆ. ಅಂದಂದಿನದನ್ನು ಅಂದಂದೇ ಬೀಸಿಕೊಳ್ಳುವುದರ ಪ್ರಯೋಜನ ಇದೇ.

ಯಾರಿಗೆ ಬೇಕು, ಯಾರಿಗೆ ಬೇಡ

ಈಗ ಮಾವನವರ ಮಾತಿಗೆ ಬರೋಣ. ಶಿವಾಜಿನಗರ, ಹಲಸೂರುಗಳಂತಹ ಹಳೆಯ ಬಡಾವಣೆಗಳಲ್ಲಿ ಕಣ್ಣೆದುರೇ ಬೀಜವನ್ನು ಬೀಸಿ ಬಿಸಿಬಿಸಿ ಪುಡಿಯನ್ನು ಪೊಟ್ಟಣ ಕಟ್ಟಿಕೊಡುವ ಅಂಗಡಿ ನಡೆದುಹೋಗುವ ದೂರದಲ್ಲಿದ್ದರೆ, ಆ ಅಂಗಡಿಯ ಯಂತ್ರವೂ ಬಿಲ್ಲೆಯ ಯಂತ್ರವೇ. ಮನೆಯ ಯಂತ್ರಕ್ಕಿಂತ ಎಷ್ಟೋ ದೊಡ್ಡದು. ವಾರಕ್ಕೊಮ್ಮೆ ಕಾಲು ಕಿಲೋ ಅಥವಾ ಅರ್ಧ ಕಿಲೋ ಮಾತ್ರ ತರುವ ಪದ್ಧತಿಯಿಟ್ಟುಕೊಂಡರೆ ಅಂತಹ ಮನೆಗೆ ಹೊಸ ಯಂತ್ರ ಅವಶ್ಯವಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಅಂಗಡಿಯವನ ಕಾಯಕವೂ ಉಳಿಯುತ್ತದೆ, ಮನೆಯ ಹಣವೂ ಉಳಿಯುತ್ತದೆ. ತಿಂಗಳಿಗಾಗುವಷ್ಟು ಪುಡಿಯನ್ನು ಒಮ್ಮೆಗೇ ತಂದಿಡುವ ಅಭ್ಯಾಸವನ್ನು ಬಿಟ್ಟರೆ ಸಾಕು. ಕೃಷ್ಣರಾಜಪುರದ ಕಡೆಯವರಿಗೂ 2023ರಿಂದ ಮೆಟ್ರೊ ರೈಲು ಹಲಸೂರಿನವರೆಗೆ ನೇರವಾಗಿ ಬರುತ್ತಿರುವುದರಿಂದ ಹಳೆಯ ಅಂಗಡಿಯ ನಂಟನ್ನು ಉಳಿಸಿಕೊಳ್ಳುವುದು ಕಷ್ಟವಲ್ಲ.

ತೋಟದಿಂದ ನೇರವಾಗಿ ಬೀಜ ತರಿಸುವವರಿಗೆ, ಮಲೆನಾಡಿನ ಬಂಧುಗಳಿಂದ ವರ್ಷಕ್ಕೊಮ್ಮೆ ಬೀಜ ಬರುವ ಮನೆಗಳಿಗೆ, ಸಮೀಪದಲ್ಲಿ ಪುಡಿಯಂಗಡಿಯಿಲ್ಲದ ಹೊಸ ಬಡಾವಣೆಗಳವರಿಗೆ, ಚಿಕೋರಿಯಿಲ್ಲದ ಶುದ್ಧ ಕಾಫಿಯನ್ನೇ ಬಯಸುವವರಿಗೆ ಯಂತ್ರವು ನಿಜವಾಗಿ ಉಪಯುಕ್ತ. ನೆರೆಮನೆಯವರು ಕೊಂಡರೆಂಬುದು ಮಾತ್ರ ಕಾರಣವಾಗಬಾರದು.

ಕೊಳ್ಳುವಾಗ ನೋಡಬೇಕಾದುದು

ಮೊದಲು ಮನೆಯ ಲೆಕ್ಕ. ಫಿಲ್ಟರ್ ಕಾಫಿಗೆ ಲೋಟವೊಂದಕ್ಕೆ 8ರಿಂದ 10 ಗ್ರಾಂ ಪುಡಿ ಬೇಕೆಂದು ಹಿಡಿದರೆ, ದಿನಕ್ಕೆರಡು ಬಾರಿ ಕುಡಿಯುವ ನಾಲ್ವರ ಮನೆಗೆ ದಿನಕ್ಕೆ 65ರಿಂದ 80 ಗ್ರಾಂ. ಕೈಯಿಂದ ತಿರುಗಿಸುವ ಸಣ್ಣ ಯಂತ್ರದಲ್ಲಿ ಒಮ್ಮೆಗೆ 20ರಿಂದ 30 ಗ್ರಾಂ ಬೀಜ ಹಿಡಿಯುತ್ತದೆ. ಆದುದರಿಂದ ಗಂಡ ಹೆಂಡಿರಿಬ್ಬರೇ ಇರುವ ಮನೆಗೆ ಕೈಯಂತ್ರ ಸಾಕು. ಅದಕ್ಕಿಂತ ದೊಡ್ಡ ಸಂಸಾರಕ್ಕೆ ವಿದ್ಯುತ್ ಯಂತ್ರವೇ ಲೇಸು. ಕೀಲುನೋವಿರುವ ಹಿರಿಯರಿಗೆ ಕೈಯಂತ್ರವನ್ನು ಕೊಟ್ಟು ದಿನಾಲೂ ತಿರುಗಿಸಿರೆನ್ನುವುದು ಉಚಿತವಲ್ಲ. ಹಳೆಯ ಮನೆಗಳಲ್ಲಿ ಮೇಜಿನಂಚಿಗೆ ಬಿಗಿಯುವ ಎರಕದ ಕಬ್ಬಿಣದ ಕೈಗಿರಣಿ ಅಟ್ಟದ ಮೇಲೆ ಇನ್ನೂ ಇದ್ದೀತು. ಬಿಲ್ಲೆಯ ಹಲ್ಲು ಸವೆದಿರದಿದ್ದರೆ ಅದನ್ನು ಇಳಿಸಿ, ತುಕ್ಕು ತೆಗೆದು ಬಳಸಿ ನೋಡಿ. ಹೊಸದಕ್ಕೆ ಹಣ ಹಾಕಬೇಕಾಗದೆಯೂ ಇರಬಹುದು.

ಎರಡನೆಯದು ಬಿಲ್ಲೆ. ಶಂಕುವಿನಾಕಾರದ ಬಿಲ್ಲೆ, ಚಪ್ಪಟೆಯ ಬಿಲ್ಲೆ ಎಂದು ಎರಡು ಬಗೆಗಳಿವೆ. ಮನೆಬಳಕೆಗೆ ಎರಡೂ ಸರಿಯೇ. ಸಾಧಾರಣ ಬೆಲೆಯ ಯಂತ್ರಗಳಲ್ಲಿ ಶಂಕುವಿನದೇ ಹೆಚ್ಚು. ಪಿಂಗಾಣಿಯ ಬಿಲ್ಲೆ ಬೇಗ ಸವೆಯದು, ತುಕ್ಕು ಹಿಡಿಯದು. ಆದರೆ ಬೀಜದೊಡನೆ ಸಣ್ಣ ಕಲ್ಲೊಂದು ಸೇರಿದರೆ ಅದರ ಅಂಚು ಒಡೆಯುತ್ತದೆ. ಉಕ್ಕಿನ ಬಿಲ್ಲೆ ಹರಿತವಾಗಿದ್ದು ಕೆಲಸ ಬೇಗ ಮುಗಿಸುತ್ತದೆ. ಯಾವುದಾದರೂ ಸರಿ, ನಡುವಿನ ದಂಡವನ್ನು ಹಿಡಿದು ಅಲುಗಾಡಿಸಿ ನೋಡಿ. ದಂಡ ಅಲುಗಿದರೆ ಬಿಲ್ಲೆಗಳ ಅಂತರ ಒಂದೇ ಸಮ ನಿಲ್ಲುವುದಿಲ್ಲ. ಗೂಟ ಸಡಿಲವಾದ ಬೀಸುವ ಕಲ್ಲಿನಂತೆ ಅದು ನುಚ್ಚನ್ನೇ ಉದುರಿಸುತ್ತದೆ. ಒಂದು ಸಾವಿರ, ಒಂದೂವರೆ ಸಾವಿರ ರೂಪಾಯಿಗಳ ಕೈಯಂತ್ರಗಳಲ್ಲಿ ಈ ದೋಷ ಹೆಚ್ಚು. ಸುಮಾರು ಐದು ಸಾವಿರದ ಆಸುಪಾಸಿನಲ್ಲಿ ಗಟ್ಟಿಯಾದ ಕೈಯಂತ್ರಗಳು ದೊರೆಯುತ್ತವೆ. ಅದೇ ಬೆಲೆಯ ವಿದ್ಯುತ್ ಯಂತ್ರವು ಆರಂಭದ ದರ್ಜೆಯದು. ಒಂದೇ ಹಣಕ್ಕೆ ಕೈಯಂತ್ರದಲ್ಲಿ ಬಿಲ್ಲೆಯ ಗುಣ ಹೆಚ್ಚು, ವಿದ್ಯುತ್ ಯಂತ್ರದಲ್ಲಿ ಅನುಕೂಲ ಹೆಚ್ಚು.

ಮೂರನೆಯದು ಪುಡಿಯ ಹದ. ಎಲ್ಲ ಬಗೆಯ ಕಾಫಿಗೂ ಸಲ್ಲುವ ನೂರು ಮೆಟ್ಟಿಲುಗಳ ಯಂತ್ರ ನಮಗೆ ಬೇಕಿಲ್ಲ. ಫಿಲ್ಟರಿನ ಹದ ಸರಿಯಾಗಿ ಬರಬೇಕು. ಆ ಪುಡಿ ಪುಡಿಯುಪ್ಪಿಗಿಂತ ತುಸು ನುಣುಪಾಗಿರಬೇಕು, ಮೈದಾದಷ್ಟು ನುಣುಪಾಗಬಾರದು. ಡಿಕಾಕ್ಷನ್ನೇ ಇದಕ್ಕೆ ಪರೀಕ್ಷೆ. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ತೊಟ್ಟುತೊಟ್ಟಾಗಿ ಇಳಿದರೆ ಹದ ಸರಿ. ಐದೇ ನಿಮಿಷದಲ್ಲಿ ಸುರಿದುಹೋದರೆ ಒಂದೆರಡು ಮೆಟ್ಟಿಲು ನುಣ್ಣಗೆ ಮಾಡಿ. ಗಂಟೆಯಾದರೂ ನೀರು ಮೇಲೆಯೇ ನಿಂತಿದ್ದರೆ ತುಸು ಒರಟು ಮಾಡಿ. ಸರಿಯಾದ ಹದ ಸಿಕ್ಕಿದ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಮನೆಯವರೆಲ್ಲರಿಗೂ ಅನುಕೂಲ.

ನಾಲ್ಕನೆಯದು ವಿದ್ಯುತ್ತಿನ ಎಚ್ಚರ. ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಯಂತ್ರವು ಅಲ್ಲಿಯ 120 ವೋಲ್ಟಿಗೆ ಮಾಡಿದ್ದು. ನಮ್ಮದು 230 ವೋಲ್ಟ್. ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟುಹೋಗುತ್ತದೆ. ಬಿಡಿಭಾಗಗಳು ಮತ್ತು ದುರಸ್ತಿ ಬೆಂಗಳೂರಿನಲ್ಲಿಯೇ ದೊರೆಯುತ್ತವೆಯೇ ಎಂದು ಕೇಳಿ ಕೊಳ್ಳುವುದು ಜಾಣತನ.

ಚಿಕೋರಿಯ ವಿಚಾರ

ಚಿಕೋರಿ ಎಂಬುದು ಹುರಿದ ಬೇರು. ಅದು ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಮಿತವಾಗಿ ಸೇರಿಸುವುದು ನಮ್ಮ ಕಡೆಯ ರುಚಿ, ಅದನ್ನು ಕಲಬೆರಕೆಯೆನ್ನಲಾಗದು. ಆದರೆ ಮಿಶ್ರಣದಲ್ಲಿ ಕಾಫಿಯು ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದೂ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಕಾನೂನಿದೆ. ಸಂದೇಹವಾದರೆ ಗಾಜಿನ ಲೋಟದ ತಣ್ಣೀರಿನ ಮೇಲೆ ಚಿಟಿಕೆ ಪುಡಿಯನ್ನು ಉದುರಿಸಿ ನೋಡಿ: ಕಾಫಿ ತೇಲುತ್ತದೆ; ಚಿಕೋರಿ ಕಂದು ಬಣ್ಣದ ಗೆರೆ ಬಿಡುತ್ತ ಮುಳುಗುತ್ತದೆ. ಚಿಕೋರಿಯನ್ನು ಮನೆಯ ಯಂತ್ರಕ್ಕೆ ಹಾಕಬೇಡಿ. ಅದು ತೇವವನ್ನು ಹೀರಿ ಬಿಲ್ಲೆಗಳಿಗೆ ಅಂಟಿಕೊಳ್ಳುತ್ತದೆ. ಪುಡಿಯನ್ನೇ ತಂದು ಬೇಕಾದಷ್ಟು ಬೆರೆಸಿಕೊಳ್ಳಿ.

ಯಂತ್ರದ ಆರೈಕೆಯೂ ಸುಲಭ. ವಾರಕ್ಕೊಮ್ಮೆ ಬಿಲ್ಲೆಗಳನ್ನು ಬಿಚ್ಚಿ ಒಣ ಬ್ರಷ್ಷಿನಿಂದ ಉಜ್ಜಬೇಕು. ಉಕ್ಕಿನ ಬಿಲ್ಲೆಗೆ ನೀರು ತಾಕಿಸಬಾರದು. ಮೆಣಸು, ಧನಿಯಗಳನ್ನು ಎಂದಿಗೂ ಹಾಕಬಾರದು. ಒಮ್ಮೆ ಹಿಡಿದ ಮಸಾಲೆಯ ವಾಸನೆ ತಿಂಗಳಾದರೂ ಬಿಡದು. ಬೀಜವನ್ನು ಹಾಕುವ ಮುನ್ನ ತಟ್ಟೆಯಲ್ಲಿ ಹರಡಿ ಕಲ್ಲನ್ನು ಆರಿಸುವುದು ಅಕ್ಕಿ ಆರಿಸಿದಷ್ಟೇ ಮುಖ್ಯ.

ಮಿತಿಯೇ ರುಚಿ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ಸಲ್ಲದೆಂದು ಅದನ್ನು ತಂದಲ್ಲಿಗೇ ಹಿಂದಿರುಗಿಸಲು ಲಕ್ಕಮ್ಮನವರು ಹೇಳಿದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಭತ್ತ ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮನವರೂ ಶರಣರ ಗಣದಲ್ಲಿ ಸ್ಥಾನ ಪಡೆದವರು. ಕುಟ್ಟುವುದು, ಬೀಸುವುದು ಕೀಳು ಕೆಲಸವಲ್ಲ. ಬೇಕಾದಷ್ಟನ್ನೇ ತೆಗೆದುಕೊಳ್ಳುವುದು ಬಡತನವಲ್ಲ. ಈ ಎರಡು ಮಾತುಗಳು ಕಾಫಿಯ ಯಂತ್ರಕ್ಕೂ ಸಲ್ಲುತ್ತವೆ. ಹೊತ್ತಿಗೆ ಬೇಕಾದಷ್ಟೇ ಬೀಜವನ್ನು ಅಳೆದು ಹಾಕಿ ಬೀಸಿದರೆ ಪುಡಿ ಹಳಸುವುದಿಲ್ಲ, ಬೀಜವೂ ಪೋಲಾಗುವುದಿಲ್ಲ.

ಕುಡಿಯುವುದಕ್ಕೂ ಮಿತಿಯಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಂತೆ ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮೀರಬಾರದು. 150 ಮಿಲಿಲೀಟರಿನ ಒಂದು ಬಟ್ಟಲು ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ. ಊಟಕ್ಕೆ ಒಂದು ಗಂಟೆ ಮೊದಲೂ ಅನಂತರದ ಒಂದು ಗಂಟೆಯೂ ಕಾಫಿ ಬೇಡವೆಂದು ಅದೇ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ಆಹಾರದೊಳಗಿನ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಅದು ತಡೆಯುತ್ತದೆ. ರಕ್ತಹೀನತೆಯುಳ್ಳ ತಾಯಂದಿರೂ ಹೆಣ್ಣುಮಕ್ಕಳೂ ಇದನ್ನು ವಿಶೇಷವಾಗಿ ಗಮನಿಸಬೇಕು.

ಆದುದರಿಂದ ಅತ್ತೆ, ಮಾವ, ಮಗ, ಸೊಸೆ ಎಲ್ಲರೂ ಒಟ್ಟಿಗೆ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲಿ: ನಮಗೆ ಬೀಜ ಎಲ್ಲಿಂದ ಬರುತ್ತದೆ? ದಿನಕ್ಕೆ ಎಷ್ಟು ಬೇಕು? ಬೀಸುವವರು ಯಾರು? ಉತ್ತರ ಸ್ಪಷ್ಟವಾದರೆ ಯಂತ್ರ ಬೇಕೋ ಬೇಡವೋ, ಬೇಕಾದರೆ ಎಂತಹುದು ಎಂಬುದು ತಾನಾಗಿಯೇ ತಿಳಿಯುತ್ತದೆ. ಯಂತ್ರ ಬಂದರೂ ಬರದಿದ್ದರೂ, ಬಂದವರನ್ನು ಹಸನ್ಮುಖದಿಂದ ಬರಮಾಡಿಕೊಂಡು ಹದವಾದ ಒಂದು ಲೋಟ ಕಾಫಿಯನ್ನು ಕೊಡುವ ಮನೆತನ ನಮ್ಮದಾಗಿರಲಿ.