ಗೌರಿಹೂವನ್ನು ಕೈತೋಟಕ್ಕೆ ತರುವ ಬಗೆ

ಭಾದ್ರಪದದ ಗೌರಿಹಬ್ಬದ ಸುಮಾರಿಗೆ ನಮ್ಮ ಮಲೆನಾಡಿನ ಬೇಲಿಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ, ಉರಿಯ ನಾಲಗೆಗಳಂತಹ ಹೂವೊಂದು ಕಾಣಿಸಿಕೊಳ್ಳುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಜನರು ಅದನ್ನು ಗೌರಿಹೂ ಎನ್ನುತ್ತಾರೆ. ಸಂಸ್ಕೃತದಲ್ಲಿ ಅಗ್ನಿಶಿಖೆ, ಲಾಂಗಲೀ ಎಂಬ ಹೆಸರುಗಳುಂಟು. ಲಿನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ಗ್ಲೋರಿಯೋಸ ಸುಪರ್ಬ ಎಂದು ಹೆಸರಿಟ್ಟನು. ಶಾಸ್ತ್ರಜ್ಞರು ಹೊಗಳಿಕೆಯಲ್ಲಿ ಜಿಪುಣರೆಂದು ನನ್ನ ಅನುಭವ. ಈ ಬಳ್ಳಿಗೆ ಮಾತ್ರ ಒಂದಲ್ಲ, ಎರಡು ಹೊಗಳಿಕೆಯ ಮಾತುಗಳು ಸಂದಿವೆ. ತಮಿಳುನಾಡಿಗೆ ಇದು ರಾಜ್ಯಪುಷ್ಪ, ಆಫ್ರಿಕದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ.

ಈ ಬಳ್ಳಿಗೆ ಬೇರೆ ಕುಡಿಬಳ್ಳಿಗಳಿಲ್ಲ. ಎಲೆಯ ತುದಿಯೇ ನೂಲಿನಂತೆ ಸುರುಳಿಗೊಂಡು ಆಸರೆಯನ್ನು ಹಿಡಿಯುತ್ತದೆ. ಹೂವಿನ ಆರು ಎಸಳುಗಳು ಅಲೆಯಲೆಯಾಗಿ ಹಿಂದಕ್ಕೆ ಬಾಗಿರುತ್ತವೆ. ಅರಳುವಾಗ ಹಸುರು ಬೆರೆತ ಹಳದಿ, ದಿನಗಳೆದಂತೆ ಕೆಂಪು.

ಇಷ್ಟು ಚೆಲುವಾದುದನ್ನು ಕಂಡಮೇಲೆ ಮನೆಗೆ ತರಬೇಕೆಂಬ ಆಸೆ ಸಹಜವಷ್ಟೆ. ಹಲವು ವರ್ಷಗಳ ಹಿಂದೆ ನಾನೂ ಒಂದು ಬೇಲಿಯ ಬುಡವನ್ನು ಗುದ್ದಲಿಯಿಂದ ಅಗೆದು ಮೂರು ಗಡ್ಡೆಗಳನ್ನು ತಂದು ನೆಟ್ಟೆನು. ಒಂದೂ ಮೊಳೆಯಲಿಲ್ಲ. ಮಣ್ಣನ್ನು ದೂರಿದೆನು, ಮಳೆಯನ್ನು ದೂರಿದೆನು. ತಪ್ಪು ನನ್ನ ಗುದ್ದಲಿಯದೆಂದು ತಿಳಿದುದು ಆಮೇಲೆ. ಇದರ ಗಡ್ಡೆಯು ನೇಗಿಲಿನಂತೆ ಬಾಗಿ ಎರಡು ತೋಳುಗಳಾಗಿರುತ್ತದೆ. ಲಾಂಗಲೀ ಎಂಬ ಹೆಸರಿಗೆ ಕಾರಣವೂ ಅದೇ. ಆಲೂಗಡ್ಡೆಯಂತೆ ಮೈಯೆಲ್ಲ ಕಣ್ಣುಗಳಿಲ್ಲ. ತೋಳಿನ ತುದಿಯಲ್ಲಿ ಒಂದೇ ಮೊಳಕೆ. ತುದಿ ಮುರಿದರೆ ಉಳಿದ ಭಾಗವು ನೆಲದಲ್ಲಿ ಕೊಳೆಯುತ್ತದೆ. ಗಡ್ಡೆಯೋ ಸೌತೆಯ ಮಿಡಿಯಂತೆ ಸುಲಭವಾಗಿ ಮುರಿಯತಕ್ಕದ್ದು. ಆದುದರಿಂದ ಅದನ್ನು ಕೈಯಿಂದಲೇ ಮಣ್ಣು ಬಿಡಿಸಿ ಎತ್ತಬೇಕು. ಎರಡು ತೋಳುಗಳನ್ನು ಬಾಗಿನ ಬಳಿ ಬೇರ್ಪಡಿಸಿದರೆ, ತುದಿಗಳು ಕ್ಷೇಮವಾಗಿದ್ದ ಪಕ್ಷದಲ್ಲಿ, ಒಂದು ಗಿಡ ಎರಡಾಗುತ್ತದೆ.

ಮುಂಗಾರಿನ ಆರಂಭದಲ್ಲಿ, ನೀರು ನಿಲ್ಲದ ಮರಳುಮಿಶ್ರ ಮಣ್ಣಿನಲ್ಲಿ ಗಡ್ಡೆಯನ್ನು ಎರಡು ಮೂರು ಅಂಗುಲ ಆಳಕ್ಕೆ ಅಡ್ಡಲಾಗಿ ಮಲಗಿಸಿ ನೆಡಬೇಕು. ಆಸರೆಗೆ ದಪ್ಪ ಗಳುವು ಬೇಡ. ಎಲೆಯ ತುದಿ ಅದನ್ನು ಸುತ್ತಲಾರದು. ತೆಳುವಾದ ಕಡ್ಡಿಗಳೋ ಒಂದು ಪೊದೆಯೋ ಸಾಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆನು. ಈ ಸಸ್ಯದ ಸರ್ವಾಂಗವೂ ವಿಷ. ಗಡ್ಡೆಯೂ ಬೀಜವೂ ವಿಶೇಷವಾಗಿ. ತಿನ್ನುವ ಗೆಣಸೆಂದು ಭ್ರಮಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಕಾಲ್ಚಿಸಿನ್ ಎಂಬ ವಸ್ತುವು ಜೀವಕೋಶಗಳ ವಿಭಜನೆಯನ್ನು ತಡೆಯುತ್ತದೆ. ಗೌಟ್ ಎಂಬ ಕೀಲುಬೇನೆಗೆ ವೈದ್ಯರು ಅಳೆದು ಕೊಡುವುದೂ ಇದನ್ನೇ. ಆದರೆ ಆ ಅಳತೆ ಮನೆಯಲ್ಲಿ ಸಾಧ್ಯವಿಲ್ಲ. ವಾಂತಿಭೇದಿಗಳು ಕೆಲವು ಗಂಟೆ ತಡವಾಗಿ ತೋರುವುದರಿಂದ ತಿಂದವರು ಏನೂ ಆಗಲಿಲ್ಲವೆಂದು ಮೋಸಹೋಗುತ್ತಾರೆ. ಲಕ್ಷಣಗಳಿಗಾಗಿ ಕಾಯದೆ ಒಡನೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಚಿಕ್ಕ ಮಕ್ಕಳೂ ದನಕರುಗಳೂ ಓಡಾಡುವ ಕಡೆ ಈ ಗಿಡವನ್ನು ನೆಡಲೇಬೇಡಿ. ಗಡ್ಡೆ ಮುಟ್ಟಿದ ಕೈಯನ್ನು ತೊಳೆಯಿರಿ. ಅಡಿಗೆಮನೆಯ ಗೆಣಸಿನ ಬುಟ್ಟಿಯ ಹತ್ತಿರ ಅದನ್ನು ಒಂದು ಗಳಿಗೆಯೂ ಇಡಬೇಡಿ.

ಇನ್ನು ಬೀಜದ ವಿಷಯ. ಕಾಡಿನ ಗಡ್ಡೆಯನ್ನು ಕಿತ್ತರೆ ಆ ಜಾಗದಲ್ಲಿ ಬಳ್ಳಿಯೇ ಇಲ್ಲವಾಗುತ್ತದೆ. ಔಷಧಿಗಾಗಿ ಅಗೆದು ಅಗೆದು ಅನೇಕ ಕಡೆ ಈಗಾಗಲೇ ಹಾಗಾಗಿದೆ. ಒಂದೆರಡು ಕಾಯಿಗಳನ್ನು ತಂದರೆ ಅಂತಹ ನಷ್ಟವಿಲ್ಲ. ಆದರೆ ತೋಟದ ಒಂಟಿ ಬಳ್ಳಿಯಲ್ಲಿ ಕಾಯಿ ಕಚ್ಚುವುದು ಕಡಮೆ. ಹೂವಿನ ಶಲಾಕೆಯು ಬುಡದಲ್ಲಿಯೇ ಪಕ್ಕಕ್ಕೆ ಮುರಿದಂತೆ ಬಾಗಿ, ಕೇಸರಗಳಿಂದ ದೂರ ಸರಿದಿರುತ್ತದೆ. ಚಿಟ್ಟೆಗಳೂ ಸೂರಕ್ಕಿಗಳೂ ಪರಾಗವನ್ನು ಒಯ್ಯುತ್ತವೆ. ಅವು ಬಾರದಿದ್ದರೆ ಆ ಕೆಲಸ ನಿಮ್ಮದು. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದನ್ನು ಬೆಳೆಯುವ ರೈತರು ಬೆಳಗಿನ ಹೊತ್ತು ಹೂವಿಂದ ಹೂವಿಗೆ ಪರಾಗವನ್ನು ಕೈಯಿಂದಲೇ ಸವರುತ್ತಾರೆ. ಕಾಯಿ ಬಲಿತು ಮೂರು ಹೋಳಾಗಿ ಒಡೆದಾಗ ಒಳಗೆ ಕೆಂಪು ಬೀಜಗಳು ಕಾಣುತ್ತವೆ. ಅವು ಮೊಳೆಯಲು ವಾರಗಳಲ್ಲ, ಕೆಲವು ವೇಳೆ ತಿಂಗಳುಗಳೇ ಬೇಕು. ಹೂ ಕಾಣುವುದು ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ. ತಾಳ್ಮೆಯಿಲ್ಲದವರು ಸಸ್ಯಗಳನ್ನು ಮಾರುವವರಲ್ಲಿ ಗಡ್ಡೆಯನ್ನೇ ಕೊಳ್ಳಲಿ.

ಮಳೆಗಾಲ ಕಳೆದಮೇಲೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಸತ್ತಿತೆಂದು ಹೆದರಿ ನೀರೆರೆದರೆ ಮಲಗಿರುವ ಗಡ್ಡೆ ಕೊಳೆಯುವುದು. ಕುಂಡಕ್ಕೆ ಒಂದು ಗುರುತನ್ನು ಕಟ್ಟಿ, ಮಳೆಯ ಹನಿ ಬೀಳದ ಸೂರಿನ ಕೆಳಗೆ ಸರಿಸಿ, ಮುಂದಿನ ಮುಂಗಾರಿನ ತನಕ ಮುಟ್ಟದಿರಿ.