ತರಗತಿಯೊಳಗಿನ ಗೋಣಿತಟ್ಟು

ಗುರು ಎಂದರೆ ಕತ್ತಲೆಯನ್ನು ಕಳೆಯುವವನು. ಕತ್ತಲೆ ಇದೆಯೆಂದು ಒಪ್ಪದವನು ಅದನ್ನು ಕಳೆಯಲಾರ. ಹದಿಹರೆಯದ ಮಕ್ಕಳಿಂದ ‘ನಾವೆಲ್ಲ ಒಂದೇ’ ಎಂದು ಹಾಡಿಸಿದರೆ ಸಾಲದು. ಊರಿನಲ್ಲಿ ಯಾರು ಯಾರ ಮನೆಯ ನೀರು ಮುಟ್ಟುವುದಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಶಾಲೆ ಆ ಮಾತನ್ನೇ ಎತ್ತದಿದ್ದರೆ ಹಾಡು ಸುಳ್ಳೆಂದೂ ಕಂಡದ್ದೇ ಧರ್ಮವೆಂದೂ ಮಕ್ಕಳು ತಿಳಿಯುತ್ತಾರೆ.

1891ರಲ್ಲಿ ಜನಿಸಿದ ಡಾ. ಅಂಬೇಡ್ಕರರು ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದಿದ್ದಾರೆ. ತರಗತಿಯ ಮೂಲೆಯಲ್ಲಿ ಅವರೊಬ್ಬರೇ ಕೂರಬೇಕಿತ್ತು. ಕೂರಲು ಬೇರೆ ಗೋಣಿತಟ್ಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಸಂಜೆ ಮನೆಗೆ ಒಯ್ದು ಮರುದಿನ ತಾವೇ ತರಬೇಕಿತ್ತು. ನಲ್ಲಿಯನ್ನು ಅವರು ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿನ ಬಾಯಾರಿಕೆ. ಅದೇ ಬಾಲಕ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 1950ರಲ್ಲಿ ಜಾರಿಗೆ ಬಂದ ಆ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು.

ಈ ಪಾಠವನ್ನು ಪ್ರೌಢಶಾಲೆಯಲ್ಲಿ ಹೇಳಲೇಬೇಕು. ಆದರೆ ಹೇಳುವ ಶಿಕ್ಷಕರಿಗೆ ಎಚ್ಚರ ಬೇಕು. ಕೇರಿಯ ಮಗುವನ್ನು ಎಬ್ಬಿಸಿ ನಿಲ್ಲಿಸಿ ‘ನಿನಗೂ ಹೀಗಾಗಿದೆಯೇ?’ ಎಂದು ಕೇಳಿದರೆ ಆ ಗೋಣಿತಟ್ಟನ್ನು ಮತ್ತೆ ಹಾಸಿದಂತೆ. ಪ್ರಶ್ನೆ ಎಲ್ಲರಿಗೂ ಇರಲಿ: ಜವಾನ ಬಾರದ ದಿನ ಪಕ್ಕದ ಹುಡುಗರು ಏನು ಮಾಡಬಹುದಿತ್ತು? ಮಾಡಲು ಅವರಿಗೆ ಯಾವ ಭಯವಿತ್ತು? ಮಕ್ಕಳು ವಾದಿಸಲಿ. ಮೊಸರು ಕಡೆಯದೆ ಬೆಣ್ಣೆ ಬಾರದು. ಒಬ್ಬರನ್ನೊಬ್ಬರು ಹೀಯಾಳಿಸದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ.

ಹಿರಿಯರೇ, ಉಳಿದ ಪಾಠ ನಿಮ್ಮ ಜಗಲಿಯ ಮೇಲೆ ನಡೆಯುತ್ತದೆ. ನಮ್ಮ ರಾಜ್ಯದ ಶಾಲೆಗಳಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟರು. ದಾಸೋಹದಲ್ಲಿ ಬಡಿಸಿದವರ ಕುಲ ಕೇಳುವವರುಂಟೇ? ಆದರೂ ‘ಅವಳು ಮಾಡಿದ ಅಡುಗೆ ಉಣ್ಣಬೇಡ’ ಎಂದು ಮಕ್ಕಳಿಗೆ ಹೇಳಿಕಳುಹಿಸುವ ಮನೆಗಳು ಇನ್ನೂ ಇವೆ. ಶಿಕ್ಷಕರು ವರ್ಷವಿಡೀ ಕಟ್ಟಿದ್ದನ್ನು ಅಂಥ ಒಂದು ಮಾತು ಕೆಡವುತ್ತದೆ. ಆ ಅಡುಗೆಯಾಕೆಯ ಮಗಳೂ ಅದೇ ತರಗತಿಯಲ್ಲಿ ಕುಳಿತಿರಬಹುದು, ಅವಳ ಮನಸ್ಸೇನಾದೀತು?

ಶರಣರು ಕಲ್ಯಾಣದಲ್ಲಿ ಸಮತೆಯನ್ನು ಸುಲಭವಾಗಿ ಪಡೆಯಲಿಲ್ಲ. ಹರಳಯ್ಯ, ಮಧುವರಸರು ಮಕ್ಕಳ ಮದುವೆ ಮಾಡಿದ್ದಕ್ಕೆ ಪ್ರಾಣವನ್ನೇ ತೆತ್ತರೆಂಬ ಕಥೆಯನ್ನು ನಾವು ಪುರಾಣದಲ್ಲಿ ಕೇಳಿ ಕಣ್ಣೀರಿಡುತ್ತೇವೆ. ಮನೆಯ ಮಗು ‘ಅಜ್ಜಾ, ನಾವು ಅವರ ಮನೆಯಲ್ಲಿ ಏಕೆ ಉಣ್ಣುವುದಿಲ್ಲ?’ ಎಂದು ಕೇಳಿದಾಗ ಗದರಿಸದಿರೋಣ. ಉತ್ತರ ಹೇಳಲು ನಾಚಿಕೆಯಾದರೆ ಆ ನಡೆಯನ್ನೇ ಬಿಡೋಣ.